ನನ್ನ ಪೆಟ್ಟಿಗೆಯನ್ನು ಅವನು ತೆರೆದೂ ನೋಡಲಿಲ್ಲ

ಭಾನುವಾರ ರಾತ್ರಿ ಊಟ ಮುಗಿಸಿ ನಾವು ನಾಲ್ಕು ಜನ ಯುದ್ಧಕ್ಕೆ ಹೋಗುತ್ತೇವೆ. ನಾನು, ಹಾಸನದಲ್ಲಿರುವ ನನ್ನ ಭಾವಮೈದ, ಕಾಲೇಜಿನ ಇಬ್ಬರು ಗೆಳೆಯರು. ಎಲ್ಲರಿಗೂ ನಲವತ್ತು ದಾಟಿದೆ. ಒಬ್ಬನಿಗೆ ಸೊಂಟನೋವು. ಇನ್ನೊಬ್ಬನಿಗೆ ಕನ್ನಡಕ ಹಾಕದಿದ್ದರೆ ಶತ್ರು ಯಾರು, ಪೊದೆ ಯಾವುದು ಗೊತ್ತಾಗುವುದಿಲ್ಲ. ಯುದ್ಧ ನಡೆಯುವುದು ಫೋನಿನಲ್ಲಿ. 2020ರ ಸೆಪ್ಟೆಂಬರಿನಲ್ಲಿ ಆ ಗುಂಡು ಹಾರಿಸುವ ಆಟ, ಪಬ್‌ಜಿ ಮೊಬೈಲ್, ನಮ್ಮ ದೇಶದಲ್ಲಿ ನಿಷೇಧವಾದಾಗ ನಾನು ಕೊಳಲು ಕಲಿಯುವ ಯೋಚನೆಯಲ್ಲಿದ್ದೆ. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಅಂತ ಹೆಸರು ಬದಲಿಸಿಕೊಂಡು ಬಂತು. ಅಕ್ಕಪಕ್ಕದ ಮನೆಯವರು ಬಚಾವಾದರು.

ಮೊದಮೊದಲು ಎಷ್ಟು ಚೆನ್ನಾಗಿತ್ತು! ಕೆಳಗಿನ ದರ್ಜೆಯಲ್ಲಿ ಒಂದು ಆಟಕ್ಕೆ ಇಳಿಯುವ ನೂರು ಜನರ ಪೈಕಿ ಬಹಳಷ್ಟು ಬಾಟ್‌ಗಳೇ, ಅಂದರೆ ಕಂಪ್ಯೂಟರೇ ಆಡಿಸುವ ಬೊಂಬೆಗಳೇ, ಇರುತ್ತವೆ. ಪಾಪದವು. ಬಯಲಲ್ಲಿ ನೆಟ್ಟಗೆ ಓಡಿಬರುತ್ತವೆ, ನಿಂತು ಗಾಳಿಗೆ ಗುಂಡು ಹೊಡೆಯುತ್ತವೆ, ನಾವು ಗುರಿ ಹಿಡಿಯುವ ತನಕ ಕಾಯುತ್ತವೆ. ಅವನ್ನು ಹೊಡೆದು ಹೊಡೆದು ಬ್ರಾಂಜ್‌ನಿಂದ ಸಿಲ್ವರ್, ಗೋಲ್ಡ್ ದಾಟಿ ಪ್ಲಾಟಿನಂಗೆ ಬಂದೆವು. ಮನೆಯಲ್ಲಿ ಹೇಳಿದೆ. ಹೆಂಡತಿ "ಅದನ್ನ ಅಡ ಇಡೋಕಾಗುತ್ತಾ?" ಅಂದಳು.

ಎಡವಟ್ಟು ಶುರುವಾಗಿದ್ದು ಅಲ್ಲೇ. ಈ ಆಟದ ತುದಿಯಲ್ಲಿ ಕಾಂಕರರ್ ಅನ್ನುವ ಪಟ್ಟವಿದೆ, ಅದು ಸಿಗುವುದು ಮೊದಲ 500 ಜನಕ್ಕೆ ಮಾತ್ರ. ಅವರಿಗೆ ಇದು ಆಟವಲ್ಲ, ಉದ್ಯೋಗ. 2021ರ ಮೊದಲ ದೊಡ್ಡ ಟೂರ್ನಿಯ ಬಹುಮಾನವೇ ಒಟ್ಟು 1 ಕೋಟಿ ರೂಪಾಯಿ. ಇರಲಿ, ಸಂತೋಷ. ಆದರೆ ಪ್ರತಿ ಸೀಸನ್ ಮುಗಿದಾಗ ಮೇಲಿದ್ದವರನ್ನೆಲ್ಲ ಒಂದಿಷ್ಟು ಮೆಟ್ಟಿಲು ಕೆಳಗೆ ಇಳಿಸುತ್ತಾರೆ. ಅವರು ಮತ್ತೆ ಹತ್ತಬೇಕು. ಹತ್ತುವಾಗ ದಾರಿಯಲ್ಲಿ ಕಾಲಿಗೆ ಸಿಗುವವರು ನಾವು. ನಮಗೆ ಬಾಟ್‌ಗಳು ಹೇಗೋ, ಅವರಿಗೆ ನಾವು ಹಾಗೆ.

ಹೋದ ತಿಂಗಳ ಕಥೆ ಕೇಳಿ. ಆಟದ ನಕ್ಷೆಯಲ್ಲಿ ಎಲ್ಲರೂ ಮುಗಿಬೀಳುವ ಊರು ಪೊಚಿಂಕಿ; ಅಲ್ಲಿ ಇಳಿದವರು ಬದುಕುವುದಿಲ್ಲ ಅಂತ ಯಾರೂ ಬರದ ಮೂಲೆಯ ನಾಲ್ಕಾರು ಮನೆಗಳ ಕಡೆಗೆ ಪ್ಯಾರಾಚೂಟಿನಲ್ಲಿ ಹಾರಿದೆವು. ಹನ್ನೆರಡು ನಿಮಿಷ ಮನೆಮನೆ ಸುತ್ತಿ ಸಾಮಾನು ಕೂಡಿಹಾಕಿದೆ. ಲೆವೆಲ್ ತ್ರೀ ಹೆಲ್ಮೆಟ್, ಎಂಟು ಪಟ್ಟು ದೂರ ತೋರಿಸುವ ಸ್ಕೋಪ್, ಮದುವೆ ಮನೆಗಾಗುವಷ್ಟು ಬ್ಯಾಂಡೇಜು. ಬೆನ್ನಿಗೆ ಬಾಣಲೆ ಬೇರೆ, ಅದಕ್ಕೆ ಬಿದ್ದ ಗುಂಡು ತಾಗುವುದಿಲ್ಲ. ಜೀವಮಾನದಲ್ಲಿ ಮನೆಗೆ ಅಷ್ಟು ಮುತುವರ್ಜಿಯಿಂದ ದಿನಸಿ ತಂದವನಲ್ಲ ನಾನು. ಬಾಗಿಲು ತೆರೆದು ಒಂದು ಹೆಜ್ಜೆ ಇಟ್ಟೆ.

ಅಷ್ಟೇ.

ಬಿಜಿಎಂಐನಲ್ಲಿ ರಕ್ತ ಹಸಿರು. ಪುದೀನ ಚಟ್ನಿ ಚೆಲ್ಲಿದ ಹಾಗೆ ಬಾಗಿಲಲ್ಲಿ ಬಿದ್ದಿದ್ದೆ.

"ಭಾವ, ನೀವು ಹೋದ್ರಾ?" ಭಾವಮೈದ ಮರ್ಯಾದೆಯಿಂದಲೇ ಕೇಳಿದ.

"ಹೋದೆ ಕಣೋ. ಎಲ್ಲಿಂದ ಹೊಡೆದನೋ ಕಾಣಲಿಲ್ಲ."

"ನಾನು ನೋಡ್ತೀನಿ ಇರಿ..." ಅವನೂ ಹೋದ. ಉಳಿದಿಬ್ಬರು ನಮ್ಮನ್ನು ಎಬ್ಬಿಸಲು ಬಂದು ಸಾಲಾಗಿ ಮಲಗಿದರು.

ಸತ್ತ ಮೇಲೆ ಕೊಂದವನ ಆಟ ನೋಡುವ ಸೌಲಭ್ಯವಿದೆ. ನೋಡಿದೆ. ಹುಡುಗ ಕಿಟಕಿಯಿಂದ ಹಾರುವಾಗಲೇ ತಿರುಗುತ್ತಾನೆ, ನೆಲ ಮುಟ್ಟುವ ಮೊದಲೇ ಗುಂಡು ಹಾರಿರುತ್ತದೆ. ಅದಕ್ಕೂ ನನಗೆ ಬೇಜಾರಿಲ್ಲ. ಸತ್ತವನ ಸಾಮಾನೆಲ್ಲ ಒಂದು ಪೆಟ್ಟಿಗೆಯಾಗಿ ಅಲ್ಲೇ ಬೀಳುತ್ತದೆ, ಗೆದ್ದವನು ತೆರೆದು ಬೇಕಾದ್ದು ತಗೊಳ್ಳಬಹುದು. ಅವನು ನನ್ನ ಪೆಟ್ಟಿಗೆಯ ಪಕ್ಕದಲ್ಲೇ ಓಡಿಹೋದ. ತೆರೆದೂ ನೋಡಲಿಲ್ಲ! ಹನ್ನೆರಡು ನಿಮಿಷದ ಸಂಪಾದನೆ ಸ್ವಾಮಿ.

ಛಲ ಬಂತು. ಪಕ್ಕದ ಮನೆ ಹುಡುಗನನ್ನು ಕೇಳಿದೆ. "ಅಂಕಲ್, ನೀವಿನ್ನೂ ಎರಡು ಹೆಬ್ಬೆರಳಲ್ಲೇ ಆಡ್ತೀರಾ?" ಅಂತ, ಸೌದೆ ಒಲೆಯಲ್ಲಿ ಅಡುಗೆ ಮಾಡುವವನನ್ನು ನೋಡಿದ ಹಾಗೆ ನೋಡಿದ. ನಾಲ್ಕು ಬೆರಳು ಬಳಸಬೇಕಂತೆ, ಏಡಿ ಹಿಡಿದ ಹಾಗೆ. ಹಿಡಿದೆ, ಫೋನು ಸಾರಿನ ಬಟ್ಟಲಿಗೆ ಬಿತ್ತು. ಗೈರೋ ಹಾಕಿ, ಫೋನು ವಾಲಿಸಿ ಗುರಿ ಇಡಿ ಅಂದ. ಬಸ್ಸಿನಲ್ಲಿ ಅಭ್ಯಾಸ ಮಾಡಿದೆ. ಹಂಪು ಬಂದಾಗಲೆಲ್ಲ ಬಂದೂಕು ಆಕಾಶ ನೋಡಿತು.

ನಮ್ಮ ಬಡಾವಣೆಯ ಟೆನಿಸ್ ಬಾಲ್ ಟೂರ್ನಿಯೂ ಹೀಗೇ ಹಾಳಾಗಿದ್ದು. ಒಂದು ವರ್ಷ ಒಂದು ತಂಡ ದುಡ್ಡು ಕೊಟ್ಟು ಲೀಗ್ ಆಡುವ ಬೌಲರ್‌ನನ್ನು ಕರೆಸಿತು. ಬ್ಯಾಂಕಿನ ಮ್ಯಾನೇಜರ್ರು ಪ್ಯಾಂಟು ಮಡಚಿ ಬ್ಯಾಟಿಂಗ್‌ಗೆ ಬಂದರೆ ಎಸೆದಿದ್ದು ಯಾರ್ಕರ್ರು. ಮುಂದಿನ ವರ್ಷ ಎಲ್ಲರೂ ಒಬ್ಬೊಬ್ಬರನ್ನು ಕರೆಸಿದರು. ಅದರ ಮುಂದಿನ ವರ್ಷ ಟೂರ್ನಿಯೇ ಇಲ್ಲ. ಮ್ಯಾನೇಜರ್ರು ಈಗ ವಾಕಿಂಗ್ ಮಾಡುತ್ತಾರೆ.

ಕಾಲೇಜಿನ ಗೆಳೆಯರಿಬ್ಬರೂ ಈಚೆಗೆ ಭಾನುವಾರ ಬರುತ್ತಿಲ್ಲ. ಒಬ್ಬ ಸೊಂಟನೋವು ಅನ್ನುತ್ತಾನೆ, ಇನ್ನೊಬ್ಬ ಕಾರಣವನ್ನೂ ಹೇಳುವುದಿಲ್ಲ. ಮೊನ್ನೆ ನಾನೂ ಭಾವಮೈದನೂ ಇಬ್ಬರೇ ಹೋದೆವು. ಒಂದು ಮರದ ಹಿಂದೆ ಒಬ್ಬ ಸಿಕ್ಕ. ಹತ್ತಡಿ ದೂರ. ನಾನು ಮೂವತ್ತು ಗುಂಡು ಹಾರಿಸಿದೆ, ಒಂದೂ ತಾಗಲಿಲ್ಲ. ಅವನೂ ಹಾರಿಸಿದ, ಎಲ್ಲ ಮರಕ್ಕೇ ಬಿತ್ತು. ಇಬ್ಬರೂ ಒಟ್ಟಿಗೆ ರೀಲೋಡ್‌ಗೆ ಕೂತೆವು.

"ಭಾವ, ಅದು ಬಾಟು, ಹೊಡೀರಿ!"

"ಬಾಟ್ ಅಲ್ವೋ. ಬಾಟ್ ಇದಕ್ಕಿಂತ ಚೆನ್ನಾಗಿ ಹೊಡೆಯುತ್ತೆ. ಇವನು ನಮ್ಮವನು!"

ಎಷ್ಟೋ ತಿಂಗಳ ಮೇಲೆ ಎದೆ ಡವಡವ ಅಂತಿತ್ತು. ಈ ಸಲ ಗೆದ್ದರೂ ಗೆಲ್ಲಬಹುದು. ಅವನು ಮರದಿಂದ ಇಣುಕಿದ, ನಾನೂ ಎದ್ದೆ. ಎಲ್ಲಿಂದಲೋ ಎರಡು ಗುಂಡು ಬಂತು. ಅವನಿಗೊಂದು, ನನಗೊಂದು.

ಮರದ ಬುಡದಲ್ಲಿ ಎರಡು ಪೆಟ್ಟಿಗೆ ಅಕ್ಕಪಕ್ಕ ಬಿದ್ದವು. ಗುಡ್ಡದ ಕಡೆಯಿಂದ ಒಬ್ಬ ಜೀಪಿನಲ್ಲಿ ಬಂದ. ನಿಲ್ಲಿಸಲೂ ಇಲ್ಲ.