ಯುದ್ಧತಂತ್ರ ಸರಿ, ಊಟದ ಲೆಕ್ಕ ಎಲ್ಲಿ?

ಕಲಬುರಗಿಯಲ್ಲಿ ಇವತ್ತು 'ಗೆಲುವಿನ ಯುದ್ಧತಂತ್ರ' ಅಂತ ಒಂದು ಭಾಷಣ ಕೇಳಿ ಬಂದೆ. ತಲೆ ಇನ್ನೂ ಬಿಸಿಯಾಗಿದೆ. ಹಾಲ್ ತುಂಬ ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ನೌಕರಿ ಪರೀಕ್ಷೆಗೆ ಓದುತ್ತಿರುವ ಮಕ್ಕಳು. ಶಹಾಪುರ, ಸುರಪುರ, ಆಳಂದ ಕಡೆಯವರೇ ಜಾಸ್ತಿ. ವೇದಿಕೆ ಮೇಲಿನವರು ಯುದ್ಧಕಲೆ ಬಗ್ಗೆ ಪುಸ್ತಕ ಬರೆದ ಹಳೇ ಚೀನಾದ ಸನ್ ತ್ಸು ಅಂದರು, ಚಾಣಕ್ಯ ಅಂದರು, "ಸಿಲಬಸ್ಸೇ ನಿಮ್ಮ ಶತ್ರು, ಮುಗಿಬೀಳಿ" ಅಂದರು. ಚಪ್ಪಾಳೆಯೋ ಚಪ್ಪಾಳೆ.

ಊಟದ ಮಾತು ಮಾತ್ರ ಒಂದೂ ಬರಲಿಲ್ಲ.

ಸನ್ ತ್ಸು ಆ ಪುಸ್ತಕದ ಎರಡನೇ ಅಧ್ಯಾಯಕ್ಕೇ ಖರ್ಚಿನ ಲೆಕ್ಕ ಬಿಚ್ಚುತ್ತಾನೆ ರೀ. 1 ಲಕ್ಷ ಜನರ ಸೈನ್ಯ ಹೊರಡಬೇಕಾದರೆ ದಿನಕ್ಕೆ ಸಾವಿರ ಹೊನ್ನು ಬೇಕು ಅಂತಾನೆ. ಅಂಟು, ಬಣ್ಣದಂಥ ಚಿಲ್ಲರೆ ಖರ್ಚನ್ನೂ ಬಿಟ್ಟಿಲ್ಲ. ಎಳೆದಾಡಿದ ಯುದ್ಧದಿಂದ ಯಾವ ರಾಜ್ಯವೂ ಉದ್ಧಾರ ಆಗಿಲ್ಲ ಅಂತಾನೆ. ನಮ್ಮ ಹುಡುಗರದ್ದೇನು? ನೋಟಿಫಿಕೇಶನ್ ಯಾವಾಗ, ಪರೀಕ್ಷೆ ಯಾವಾಗ, ರಿಸಲ್ಟ್ ಯಾವಾಗ, ದೇವರಿಗೇ ಗೊತ್ತು. ಅಲ್ಲಿವರೆಗೆ ರೂಮ್ ಬಾಡಿಗೆ ಯಾರ ಖಜಾನೆಯಿಂದ?

ಚಾಣಕ್ಯ, ಅಂದರೆ ಕೌಟಿಲ್ಯನೂ ಅಷ್ಟೆ. ಸಂಧಿ, ಯುದ್ಧ ಎರಡರಲ್ಲೂ ಲಾಭ ಸಮ ಇದ್ದರೆ ಸಂಧಿಗೇ ಹೋಗು ಅಂದವನು. ಯುದ್ಧ ಅಂದರೆ ನಷ್ಟ, ಖರ್ಚು, ಮನೆ ಬಿಟ್ಟು ದೂರ ಇರುವ ಪಾಡು ಅಂತ ಕಾರಣವನ್ನೂ ಕೊಡುತ್ತಾನೆ. ಸುಮ್ನೆ ಕೂರುವುದನ್ನೂ 'ಆಸನ' ಅಂತ ಆರು ರಾಜನೀತಿಗಳಲ್ಲಿ ಒಂದು ಮಾಡಿದ್ದಾನೆ. 'ಈ ವರ್ಷ ಊರಿಗೆ ಹೋಗು, ತೊಗರಿ ರಾಶಿ ಮಾಡು, ನಾಲ್ಕು ಕಾಸು ಕೂಡಿಸಿಕೊಂಡು ಬಾ' ಅಂತ ಯಾವ ಭಾಷಣಕಾರ ಹೇಳುತ್ತಾನೆ? ಹೇಳಿದರೆ ಹಾಲ್ ತುಂಬುತ್ತಾ?

ನಮ್ಮಪ್ಪ ಖಾನಾವಳಿ ನಡೆಸುತ್ತಿದ್ದರು. ಗಲ್ಲಾ ಪಕ್ಕ ಕೂತು ಬೆಳೆದವನು ನಾನು. ತಿಂಗಳ ಕೊನೆ ಬಂತೆಂದರೆ ಓದುವ ಹುಡುಗರು ದಿನಕ್ಕೆ ಒಂದೇ ಹೊತ್ತಿನ ಊಟಕ್ಕೆ ಇಳಿಯುತ್ತಿದ್ದರು. "ರಾತ್ರಿ ಬ್ಯಾಡ್ರಿ ಕಾಕಾ, ಹಸಿವಿಲ್ರಿ" ಅಂದು, ಮಧ್ಯಾಹ್ನ ಪುಂಡಿಪಲ್ಯ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಅಪ್ಪ ಕೇಳದೆಯೇ ಇನ್ನೊಂದು ರೊಟ್ಟಿ ತಟ್ಟೆಗೆ ಹಾಕುತ್ತಿದ್ದರು. ಬರೆದುಕೊಳ್ಳುತ್ತಿರಲಿಲ್ಲ. ಅದಕ್ಕೇ ನಮ್ಮ ಖಾನಾವಳಿ ಲಾಭ ಕಾಣಲಿಲ್ಲ ಅನ್ನೋದು ಬೇರೆ ಕಥೆ.

"ಹುರುಪಾದರೂ ಬರುತ್ತಲ್ಲ ಮಾರಾಯ" ಅಂತ ಪಕ್ಕದಲ್ಲಿದ್ದ ಗೆಳೆಯ ಅಂದ. ಬರುತ್ತೆ. ಬಸ್ ಸ್ಟ್ಯಾಂಡ್ ಮುಟ್ಟುವವರೆಗೆ ಇರುತ್ತೆ.

ಬೀದರ್ ಕೋಟೆ ನೋಡುವುದೂ ಹೀಗೇ ಅಲ್ವಾ? ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕದ ಮುಂದೆ ಎಲ್ಲರ ಫೋಟೊ. ಅಲ್ಲೇ ಹತ್ತಿರದ ನೌಬಾದ್‌ನಲ್ಲಿ ಬಹಮನಿ ಕಾಲದವರು ನೆಲದೊಳಗೆ ಸುರಂಗ ತೋಡಿ ನೀರು ಹರಿಸಿದ ಕರೇಜ್ ಇದೆ. ಅದರ ಕಡೆ ಎಷ್ಟು ಜನ ಹೋಗುತ್ತಾರೆ?

ಈಗಷ್ಟೇ ವಾಟ್ಸಾಪ್‌ಗೆ ಪೋಸ್ಟರ್ ಬಂತು. ಮುಂದಿನ ಭಾನುವಾರ ಇಡೀ ದಿನದ ಶಿಬಿರವಂತೆ. ಫೀಸು ದೊಡ್ಡ ಅಕ್ಷರದಲ್ಲಿದೆ. ಕೆಳಗೆ ಸಣ್ಣದಾಗಿ, ಊಟದ ವ್ಯವಸ್ಥೆ ಇರುವುದಿಲ್ಲ.