ಶುಗರ್ ಪೇಶಂಟಿಗೆ ಗ್ಲೂಕೋಸ್ ಬಾಟ್ಲಿ ಯಾಕ ಹಚ್ಚೀರಿ?

ಕಲಬುರಗಿಯಲ್ಲಿ ಯಾವ ಐಸಿಯು ಬಾಗಿಲಿಗೆ ಹೋಗಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. "ಶುಗರ್ ಐನೂರರಿಂದ ಇನ್ನೂರಕ್ಕ ಬಂತಲ್ರಿ, ಇನ್ನ ಆ ಮಷಿನ್ ತೆಗೀರಿ. ಮ್ಯಾಲೆ ಮತ್ತ ಗ್ಲೂಕೋಸ್ ಹಚ್ಚೀರಿ!" ಮಷಿನ್ ಅಂದರೆ ಇನ್ಸುಲಿನ್ನನ್ನು ಸ್ವಲ್ಪಸ್ವಲ್ಪವಾಗಿ ರಕ್ತನಾಳಕ್ಕೆ ತಳ್ಳುವ ಸಿರಿಂಜ್ ಪಂಪ್. ಆಳಂದದಿಂದಲೋ ಚಿಂಚೋಳಿಯಿಂದಲೋ ಬಂದ ಮನೆಯವರು ಹೀಗೆ ಕೇಳುವುದು ತಪ್ಪಲ್ಲ. ಉತ್ತರ ಹೇಳುವವರಿಗೆ ಪುರುಸೊತ್ತಿಲ್ಲ, ಅಷ್ಟೇ.

ಡಿಕೆಎ (ಡಯಾಬಿಟಿಕ್ ಕೀಟೋಆಸಿಡೋಸಿಸ್), ಅಂದರೆ ರಕ್ತದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ಕೊಬ್ಬು ಒಡೆದಾಗ ಹುಟ್ಟುವ ವಸ್ತು) ಏರಿ ಆಮ್ಲ ಹೆಚ್ಚಾದ ಸ್ಥಿತಿಯಲ್ಲಿ, ಇನ್ಸುಲಿನ್ನಿಗೆ ಎರಡು ಕೆಲಸ. ಸಕ್ಕರೆ ಇಳಿಸಬೇಕು, ಕೀಟೋನ್ ತಯಾರಾಗುವುದನ್ನು ನಿಲ್ಲಿಸಬೇಕು. ಸಕ್ಕರೆ ಬೇಗ ಇಳಿಯುತ್ತದೆ, ಕೀಟೋನ್ ಹೋಗಲು ಇನ್ನಷ್ಟು ತಾಸು ಹಿಡಿಯುತ್ತದೆ. ಶುಗರ್ ಇಳಿಯಿತೆಂದು ಮಷಿನ್ ತೆಗೆದರೆ ಕೀಟೋನ್ ಮತ್ತೆ ಏರುತ್ತದೆ. ಅದಕ್ಕೇ ಶುಗರ್ 250ಕ್ಕೆ ಬಂದಾಗ 5% ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಬಾಟ್ಲಿ) ಹಚ್ಚಿ, ಇನ್ಸುಲಿನ್ ಅರ್ಧಕ್ಕೆ ಇಳಿಸಿ, ಮುಂದುವರಿಸುವುದು. ಗ್ಲೂಕೋಸ್ ಬಾಟ್ಲಿ ಇರುವುದು ಇನ್ಸುಲಿನ್ ಓಡುತ್ತಲೇ ಇರಲಿ ಎಂದು.

ಇನ್ನು ಸಿರಿಂಜ್ ಪಂಪಿನ ಲೆಕ್ಕ. 50 ಯೂನಿಟ್ ರೆಗ್ಯುಲರ್ ಇನ್ಸುಲಿನ್ನಿಗೆ ನಾರ್ಮಲ್ ಸಲೈನ್ ಸೇರಿಸಿ ಒಟ್ಟು 50 ಎಂಎಲ್ ಮಾಡಿದರೆ ಒಂದು ಎಂಎಲ್‌ಗೆ ಒಂದು ಯೂನಿಟ್. ತಾಸಿಗೆ ಕಿಲೋಗೆ 0.1 ಯೂನಿಟ್ ಹಿಡಿದರೆ 60 ಕಿಲೋ ತೂಕದವರಿಗೆ ತಾಸಿಗೆ 6 ಎಂಎಲ್. ಸುಲಭ ಅನ್ನಿಸುತ್ತದೆ, ಆದರೆ ಎಡವಟ್ಟು ಆಗುವುದು ಇಲ್ಲಿಯೇ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವಯಲ್ 40ರದ್ದು (ಎಂಎಲ್‌ಗೆ 40 ಯೂನಿಟ್), ಪೆನ್ ಕಾರ್ಟ್ರಿಜ್ 100ರದ್ದು (ಎಂಎಲ್‌ಗೆ 100 ಯೂನಿಟ್). 40ರ ವಯಲಿನಿಂದ 50 ಯೂನಿಟ್ ಅಂದರೆ 1.25 ಎಂಎಲ್, 100ರದ್ದಾದರೆ ಅರ್ಧ ಎಂಎಲ್. ಅವಸರದಲ್ಲಿ 100ರ ಇನ್ಸುಲಿನ್ನನ್ನು ಕೆಂಪು ಕ್ಯಾಪಿನ 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಡೋಸ್ ಹೋಗುತ್ತದೆ. ಮಿಶ್ರಣ ಮಾಡುವವರೊಬ್ಬರು, ವಯಲ್ ಓದಿ ನೋಡುವವರು ಇನ್ನೊಬ್ಬರು ಇರಲೇಬೇಕು. ಹಾಲಿನಂತೆ ಮಸುಕಾಗಿ ಕಾಣುವ ಎನ್‌ಪಿಎಚ್ (ನಿಧಾನ ಇನ್ಸುಲಿನ್) ಅಥವಾ 30/70 (ಮಿಶ್ರ ಇನ್ಸುಲಿನ್) ಯಾವತ್ತೂ ರಕ್ತನಾಳಕ್ಕೆ ಹೋಗಬಾರದು. ಇನ್ನೊಂದು, ಇನ್ಸುಲಿನ್ ಪ್ಲಾಸ್ಟಿಕ್ ಟ್ಯೂಬಿಗೆ ಅಂಟಿಕೊಳ್ಳುತ್ತದೆ. ರೋಗಿಗೆ ಜೋಡಿಸುವ ಮುಂಚೆ 20 ಎಂಎಲ್ ಟ್ಯೂಬಿನಲ್ಲಿ ಹರಿಸಿ ಚೆಲ್ಲಬೇಕು. ಚೆಲ್ಲಲು ಮನಸ್ಸು ಬರುವುದಿಲ್ಲ, ನಿಜ. ಚೆಲ್ಲದಿದ್ದರೆ ಮೊದಮೊದಲು ಔಷಧ ಟ್ಯೂಬಿಗೇ ಹೋಗುತ್ತದೆ, "ಶುಗರ್ ಇಳೀವಲ್ದು" ಎಂದು ಡೋಸ್ ಏರಿಸುತ್ತೇವೆ, ಆಮೇಲೆ ಒಮ್ಮೆಲೇ ಧಡಕ್ಕನೆ ಇಳಿಯುತ್ತದೆ.

ನನ್ನ ನಿಜವಾದ ತಕರಾರು ಪೊಟ್ಯಾಸಿಯಂ ಬಗ್ಗೆ. ಚಾರ್ಟಿನ ತುಂಬಾ ಶುಗರ್, ಪೊಟ್ಯಾಸಿಯಂ ಕಾಲಂ ಖಾಲಿ! ಇನ್ಸುಲಿನ್ ಸಕ್ಕರೆಯ ಜೊತೆ ಪೊಟ್ಯಾಸಿಯಂ ಅನ್ನೂ ಜೀವಕೋಶದೊಳಗೆ ತಳ್ಳುತ್ತದೆ. ಮೊದಲ ರಿಪೋರ್ಟಿನಲ್ಲಿ ಸರಿಯಿದ್ದದ್ದು ನಾಲ್ಕು ತಾಸಿನಲ್ಲಿ ಹೃದಯದ ಲಯ ಕೆಡಿಸುವಷ್ಟು ಇಳಿಯಬಹುದು. ಪೊಟ್ಯಾಸಿಯಂ ಲೀಟರ್ ರಕ್ತಕ್ಕೆ 3.5 ಮಿಲಿಈಕ್ವಿವಲೆಂಟ್‌ಗಿಂತ ಕಡಿಮೆ ಇದ್ದರೆ (ಹಳೇ ಪ್ರೋಟೋಕಾಲಿನಲ್ಲಿ 3.3) ಇನ್ಸುಲಿನ್ ತಡೆದು ಮೊದಲು ಪೊಟ್ಯಾಸಿಯಂ ಕೊಡಬೇಕು. 3.5ರಿಂದ 5ರ ನಡುವೆ ಇದ್ದು ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ ಪ್ರತಿ ಲೀಟರ್ ಸಲೈನಿಗೆ 20 ಮಿಲಿಈಕ್ವಿವಲೆಂಟ್, ಅಂದರೆ 15%ದ 10 ಎಂಎಲ್ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಆಂಪೂಲ್ ಒಂದು. ಅದನ್ನು ಸಿರಿಂಜಿನಲ್ಲಿ ಹಾಗೇ ತಳ್ಳಿದರೆ ಹೃದಯ ನಿಂತೇ ಹೋಗುತ್ತದೆ. ಬಾಟ್ಲಿಯಲ್ಲಿ ಬೆರೆಸಿ, ಅಲುಗಾಡಿಸಿ, ಆಮೇಲೆ ಹಚ್ಚಬೇಕು.

ಶುಗರ್ ತಾಸಿಗೊಮ್ಮೆ ನೋಡಬೇಕು, ಡ್ರಿಪ್ ಹಚ್ಚದ ಕೈಯ ಬೆರಳಿನಿಂದ. ಡೆಕ್ಸ್‌ಟ್ರೋಸ್ ಹೋಗುತ್ತಿರುವ ಕೈಯಲ್ಲಿ ತೆಗೆದರೆ ಸುಳ್ಳು ಏರಿಕೆ ಬರುತ್ತದೆ. ರಕ್ತಹೀನತೆ ಜಾಸ್ತಿ ಇದ್ದರೂ ಗ್ಲೂಕೋಮೀಟರ್ ಏರಿಸಿಯೇ ತೋರಿಸಬಹುದು. ಒಬ್ಬ ಸಿಸ್ಟರ್‌ಗೆ ಇಪ್ಪತ್ತು ಹಾಸಿಗೆ ಇದ್ದು ತಾಸಿಗೊಮ್ಮೆ ನೋಡುವುದು ಆಗದು ಎಂದಾದರೆ ಆ ವಾರ್ಡಿನಲ್ಲಿ ಇನ್ಸುಲಿನ್ ಡ್ರಿಪ್ ಹಚ್ಚಲೇಬಾರದು. ಡಿಕೆಎ ತೀವ್ರವಾಗಿಲ್ಲದಿದ್ದರೆ ಎರಡು ತಾಸಿಗೊಮ್ಮೆ ಚರ್ಮದ ಕೆಳಗೆ ವೇಗದ ಇನ್ಸುಲಿನ್ ಕೊಡುವ ದಾರಿಯಿದೆ. ತೀವ್ರವಿದ್ದರೆ ಐಸಿಯುಗೆ ಕಳಿಸಬೇಕು.

ಡಿಕೆಎ ಇಲ್ಲದ ಐಸಿಯು ರೋಗಿಗೆ ಗುರಿ 140ರಿಂದ 180. ಇನ್ನೂ ಕೆಳಗೆ ತರುವ ಹಟ ಬೇಡ. 2009ರ ನೈಸ್-ಶುಗರ್ ಅಧ್ಯಯನದಲ್ಲಿ 81ರಿಂದ 108ಕ್ಕೆ ಬಿಗಿ ಹಿಡಿದ ಗುಂಪಿನಲ್ಲೇ ಹೆಚ್ಚು ಸಾವು ಕಂಡಿತು. 70ಕ್ಕಿಂತ ಇಳಿದರೆ ಪಂಪ್ ನಿಲ್ಲಿಸಿ 25% ಡೆಕ್ಸ್‌ಟ್ರೋಸ್ ಕೊಟ್ಟು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ಡಿಕೆಎ ರೋಗಿಯಾದರೆ ನಿಲ್ಲಿಸಿದ ಪಂಪನ್ನು ಬೇಗ ಕಡಿಮೆ ಡೋಸಿನಲ್ಲಿ ಮತ್ತೆ ಶುರು ಮಾಡಬೇಕು, ಮರೆಯಬಾರದು.

ಡ್ರಿಪ್ ತೆಗೆಯುವ ಹೊತ್ತು ಬಂದಾಗ ಇನ್ನೊಂದು ತಪ್ಪು ಆಗುತ್ತದೆ. ರಕ್ತನಾಳದೊಳಗಿನ ಇನ್ಸುಲಿನ್ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ದೀರ್ಘಾವಧಿ ಇನ್ಸುಲಿನ್ ಚುಚ್ಚಿ, ಒಂದೆರಡು ತಾಸು ಬಿಟ್ಟು, ನಂತರವೇ ಪಂಪ್ ಬಂದ್ ಮಾಡಬೇಕು. ಮೊದಲು ಬಂದ್ ಮಾಡಿ, ಊಟ ಬಂದ ಮೇಲೆ ಚುಚ್ಚೋಣ ಎಂದು ಕುಳಿತರೆ ರಾತ್ರಿ ಮತ್ತೆ 400.

ಯಾದಗಿರಿಯಿಂದ ಕಲಬುರಗಿಗೆ, ಇಲ್ಲಿಂದ ಸೊಲ್ಲಾಪುರಕ್ಕೆ, ಬೀದರಿನಿಂದ ಹೈದರಾಬಾದಿಗೆ ರೆಫರ್ ಆಗುವವರ ಆಂಬುಲೆನ್ಸಿನಲ್ಲಿ ಇದೇ ತಪ್ಪು ಗದ್ದಲವಿಲ್ಲದೆ ನಡೆಯುತ್ತದೆ. ಪಂಪ್ ಬ್ಯಾಟರಿ ಖಾಲಿ, ಯಾರೂ ನೋಡಿರುವುದಿಲ್ಲ. ಹೊರಡುವ ಮುಂಚೆ ಮನೆಯವರು ನಾಲ್ಕು ಮಾತು ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ: ಕೊನೆಯ ಪೊಟ್ಯಾಸಿಯಂ ಎಷ್ಟು, ಎಷ್ಟು ಗಂಟೆಯದ್ದು, ಈಗ ತಾಸಿಗೆ ಎಷ್ಟು ಯೂನಿಟ್ ಹೋಗುತ್ತಿದೆ, ಪಂಪ್ ಬ್ಯಾಟರಿ ಎಷ್ಟು ತಾಸು ಬರುತ್ತದೆ, ಗಾಡಿಯಲ್ಲಿ 25% ಡೆಕ್ಸ್‌ಟ್ರೋಸ್ ಮತ್ತು ಗ್ಲೂಕೋಮೀಟರ್ ಪಟ್ಟಿ ಇದೆಯೇ.