ಮೂರು ಸೀಟಿನ ನೀರುಕುದುರೆ

ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಹೊಳೆಯುವ ಆಲೋಚನೆಗಳಿಗೆ ಯಾರನ್ನೂ ಹೊಣೆ ಮಾಡಬಾರದು. ಬಿಸಿಲು 43 ಡಿಗ್ರಿ, ಕರೆಂಟು ಹೋಗಿತ್ತು. ನಾನು ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಬೇವಿನ ನೆರಳಲ್ಲಿ ಕೂತು ಮೊಬೈಲಿನಲ್ಲಿ ಜೆಟ್ ಸ್ಕೀ ನೋಡುತ್ತಿದ್ದೆ. ಅದೂ ಅಂತಿಂಥದ್ದಲ್ಲ, ಸೀ-ಡೂ ಕಂಪನಿಯ ಮೂರು ಸೀಟಿನ ಐಷಾರಾಮಿ ಮಾದರಿ. 1630 ಸಿಸಿ ಎಂಜಿನ್, 300 ಅಶ್ವಶಕ್ತಿ, 70 ಲೀಟರಿನ ಪೆಟ್ರೋಲ್ ಟ್ಯಾಂಕು, ಹಾಡು ಕೇಳಲು ಸ್ಪೀಕರ್ ಬೇರೆ.

ಪಕ್ಕದಲ್ಲಿದ್ದ ಕಾಕಾ ಕಣ್ಣರಳಿಸಿದರು. “ಮುನ್ನೂರೇ? ನಮ್ಮ ಟ್ರ್ಯಾಕ್ಟರ್ ಬರೀ ನಲವತ್ತೈದು. ಇದು ದಿನಕ್ಕೆ ಎಷ್ಟು ಎಕರೆ ಹರಗುತ್ತದೆ?”

“ಕಾಕಾ, ಇದು ನೀರಿನ ಮೇಲೆ ಓಡುವ ಗಾಡಿ.”

“ಹಾಗಾದರೆ ನೀರೂ ಅವರೇ ಕೊಡುತ್ತಾರೇನು?”

ಪ್ರಶ್ನೆ ನ್ಯಾಯವಾದದ್ದೇ. ಈ ಗಾಡಿ ಹೊಟ್ಟೆಯ ಕೆಳಗಿಂದ ನೀರು ಹೀರಿ, ಹಿಂದಕ್ಕೆ ಉಗಿದು, ಮುಂದಕ್ಕೆ ನುಗ್ಗುತ್ತದೆ. ಮೂರಡಿಯಾದರೂ ನೀರಿಲ್ಲದಿದ್ದರೆ ಮರಳನ್ನೇ ನುಂಗಿ ಕೂರುತ್ತದೆ. ಬೇಸಿಗೆಯ ಭೀಮೆಯನ್ನು ನೆನೆದು ಸುಮ್ಮನಾದೆ. ಉಳಿದದ್ದು ಊರೊಳಗಿನ ಕೆರೆ, ‘ಅಪ್ಪನ ಕೆರೆ’. ಗಂಟೆಗೆ ನೂರು ಕಿಲೋಮೀಟರ್ ದಾಟುವ ಗಾಡಿಯನ್ನು ಅಲ್ಲಿ ಬಿಟ್ಟರೆ, ಎಕ್ಸಲೇಟರ್ ಒತ್ತುವಷ್ಟರಲ್ಲಿ ಎದುರು ದಡದ ವಾಕಿಂಗ್ ಮಂದಿಯ ನಡುವೆ ಇರುತ್ತೇನೆ. ಒತ್ತುವುದನ್ನು ಬಿಟ್ಟರಂತೂ ಹ್ಯಾಂಡಲ್ಲೂ ಕೈಕೊಡುತ್ತದೆ. ಗಾಡಿಯನ್ನು ತಿರುಗಿಸುವುದೂ ಅದೇ ನೀರಿನ ಧಾರೆ. ಇದನ್ನು ನಾನು ಗೋವಾದಲ್ಲಿ ಮೈಮುಟ್ಟಿ ಕಲಿತೆ. ಎದುರಿಗೆ ರಬ್ಬರ್ ದೋಣಿ ಕಂಡು ಬೆದರಿ, ಎಕ್ಸಲೇಟರ್ ಬಿಟ್ಟು ಹ್ಯಾಂಡಲ್ ತಿರುಗಿಸಿದೆ. ಅದು ನೆಟ್ಟಗೇ ಹೊರಟಿತು. ನಾನು ಸಮುದ್ರಕ್ಕೆ ಬಿದ್ದೆ. ಎಂಜಿನ್ನಿನ ಸ್ವಿಚ್ಚಿನಿಂದ ಮಣಿಕಟ್ಟಿಗೆ ಕಟ್ಟಿದ್ದ ದಾರ ಕಿತ್ತು ಎಂಜಿನ್ ನಿಂತಿತು, ಲೈಫ್ ಜಾಕೆಟ್ ಕಿವಿಯವರೆಗೆ ಏರಿತು.

ಆದರೂ ಆಸೆ ಸಾಯಲಿಲ್ಲ. ಮೂವರ ಒಟ್ಟು ತೂಕ 272 ಕಿಲೋ ಮೀರಬಾರದು ಎಂದು ಓದಿದವನೇ, ಮಾರನೆಯ ದಿನ ಕಾಕಾ ಮತ್ತು ಹೆಂಡತಿಯೊಡನೆ ಗಂಜ್ ಎಂಬ ಕಾಳುಕಡಿ ಮಾರುಕಟ್ಟೆಯಲ್ಲಿರುವ ಗೆಳೆಯನ ಅಡತಿ (ದಲಾಲಿ) ಅಂಗಡಿಗೆ ಹೋದೆ. ಹೆಂಡತಿಗೆ ತೊಗರಿಬೇಳೆ ಕೊಳ್ಳಲು ಎಂದಿದ್ದೆ. ಚೀಲ ತೂಗುವ ತಕ್ಕಡಿಯ ಮೇಲೆ ಒಬ್ಬೊಬ್ಬರಾಗಿ ಹತ್ತಿದೆವು. ಹಮಾಲ ಅಭ್ಯಾಸಬಲದಿಂದ ಇಡೀ ಓಣಿಗೆ ಕೇಳುವಂತೆ ಕೂಗಿದ: “ತೊಂಬತ್ನಾಲ್ಕು! ಎಂಬತ್ತೆರಡು! ನೂರಾ ಒಂದು!”

ಎಂಬತ್ತೆರಡು ಯಾರದೆಂದು ನಾನು ಹೇಳುವುದಿಲ್ಲ. ಒಟ್ಟು 277. ಐದು ಕಿಲೋ ಹೆಚ್ಚು.

“ಬೇಕಾದರೆ ಚೀಲದ ತೂಕ ಕಳೆಯೋಣ” ಎಂದ ಹಮಾಲ, ನಮ್ಮ ಬಟ್ಟೆಯತ್ತ ನೋಡುತ್ತ. ಗುಮಾಸ್ತ ಆಗಲೇ ಚೀಟಿ ಹರಿದು ಕೊಟ್ಟಿದ್ದ: ಚೀಲ 3, ತೂಕ 277, ಹಮಾಲಿ 30 ರೂಪಾಯಿ.

“ಬೇಳೆ ಎಲ್ಲಿ?” ಎಂದಳು ಹೆಂಡತಿ.

ಆ ಚೀಟಿ ಈಗ ಫ್ರಿಜ್ಜಿನ ಬಾಗಿಲ ಮೇಲಿದೆ. ನನ್ನ ಜೋಳದ ರೊಟ್ಟಿ ನಾಲ್ಕರಿಂದ ಎರಡಕ್ಕೆ ಇಳಿದಿದೆ. ಕಾಕಾ ಮಾತ್ರ ಊರಿಗೆ ಹೋಗಿ, ನಮ್ಮ ಹುಡುಗ ಆರು ಟ್ರ್ಯಾಕ್ಟರಿನ ಬಲದ ಗಾಡಿ ಕೊಳ್ಳುತ್ತಿದ್ದಾನೆ ಎಂದು ಸಾರಿಬಿಟ್ಟಿದ್ದಾರೆ. ಮುಂಗಾರಿಗೆ ಬಾಡಿಗೆ ಎಷ್ಟು ಎಂದು ಈಗಾಗಲೇ ಮೂವರು ಫೋನ್ ಮಾಡಿದ್ದಾರೆ.